ಕೋಷ್ಟಕದೊಳಗಿನ ಆಟಗಾರ: ಕಾಲ್ಪನಿಕ ಬೇಸ್‌ಬಾಲ್ ಹರಾಜಿನ ಚರಿತ್ರೆ

ನಮ್ಮ ಕಾಸರಗೋಡು ಕಡೆಯ ಊರುಗಳಲ್ಲಿ ಈಗ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟಕ್ಕೂ ಆಟಗಾರರ ಏಲಂ ನಡೆಯುತ್ತದೆ. ದುಡ್ಡಲ್ಲ, ಪಾಯಿಂಟು. ಒಂದೊಂದು ತಂಡದ ಯಜಮಾನರಿಗೆ ಇಂತಿಷ್ಟು ಪಾಯಿಂಟು ಎಂದು ಕೊಟ್ಟು, ಹುಡುಗರ ಹೆಸರು ಒಂದೊಂದಾಗಿ ಓದಿ, ಭಜನಾ ಮಂದಿರದಲ್ಲಿ ಹರಕೆಯ ಬಾಳೆಗೊನೆ ಏಲಂ ಹಾಕುವ ಧಾಟಿಯಲ್ಲೇ "ಒಂದು ಸರ್ತಿ, ಎರಡು ಸರ್ತಿ, ಮೂರು ಸರ್ತಿ" ಎಂದು ಮುಗಿಸುತ್ತಾರೆ. ಐಪಿಎಲ್ ನೋಡಿ ಕಲಿತದ್ದು ಎನ್ನುವುದರಲ್ಲಿ ಸಂಶಯವಿಲ್ಲ. ಆ ಐಪಿಎಲ್‌ನ ಮೊದಲ ಹರಾಜು ಮುಂಬೈಯಲ್ಲಿ ನಡೆದದ್ದು 2008ರ ಫೆಬ್ರವರಿ 20ರಂದು. ಒಂದೊಂದು ತಂಡಕ್ಕೆ 50 ಲಕ್ಷ ಡಾಲರ್ ಮಿತಿ, ಅದರಲ್ಲಿ 15 ಲಕ್ಷವನ್ನು ಚೆನ್ನೈ ತಂಡ ಧೋನಿ ಒಬ್ಬರಿಗೇ ಸುರಿದಿತ್ತು.

ಆದರೆ ಎಲ್ಲರಿಗೂ ಸಮಾನ ಹಣ ಕೊಟ್ಟು, ಆಟಗಾರರನ್ನು ಕೂಗಿ ಕೊಂಡು, "ಇವನಿಗೆ ಎಷ್ಟರ ತನಕ ಹೋಗಬಹುದು?" ಎಂದು ತಲೆ ಕೆರೆದುಕೊಳ್ಳುವ ಆಟ ಅದಕ್ಕೂ ಬಹಳ ಮೊದಲೇ ಅಮೆರಿಕದಲ್ಲಿ ಹುಟ್ಟಿತ್ತು. ಅಲ್ಲಿ ಹಣವೂ ಆಟದ್ದು, ತಂಡವೂ ಕಾಗದದ್ದು. ಆಟಗಾರರು ಮತ್ತು ಅವರ ಅಂಕಿಅಂಶ ಮಾತ್ರ ನಿಜ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾವು ಹೇಳುತ್ತಿಲ್ಲ. ಲೆಕ್ಕದ ದಾರಿ ಮಾತ್ರ ಎರಡಕ್ಕೂ ಒಂದೇ. ಆ ಲೆಕ್ಕ ಹೇಗೆ ಬೆಳೆಯಿತು, ಅದರಲ್ಲಿ ಏನು ಹಿಡಿಸಿತು, ಏನು ಹೊರಗೇ ಉಳಿಯಿತು ಎನ್ನುವುದೇ ಈ ಬರಹ. ಮಕ್ಕಳಿಗೆ ಅಂಕ ಹಾಕುವುದೇ ಕಸುಬಾದ ನಮಗೆ ಈ ಕಥೆಯಲ್ಲಿ ಸ್ವಲ್ಪ ಹೆಚ್ಚೇ ಆಸಕ್ತಿ!

ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ಮೈದಾನದಲ್ಲಿ ವಜ್ರದಾಕಾರದಲ್ಲಿ ನಾಲ್ಕು ಬೇಸ್‌ಗಳು. ಪಿಚರ್ ಎಸೆದ ಚೆಂಡನ್ನು ಬ್ಯಾಟುಗಾರ ಹೊಡೆದು, ಬೇಸ್‌ನಿಂದ ಬೇಸ್‌ಗೆ ಓಡಿ ಒಂದು ಸುತ್ತು ಮುಗಿಸಿದರೆ ಒಂದು ರನ್. ಅಂಗಳದ ಬೇಲಿಯಾಚೆ ಹೊಡೆದರೆ ಹೋಮ್ ರನ್, ನಮ್ಮ ಸಿಕ್ಸರಿನ ಹಾಗೆ. ಪಿಚರ್ ಚೆಂಡೆಸೆಯುವ ಗಡಿಬಿಡಿಯಲ್ಲಿ ಓಟಗಾರ ಸರಕ್ಕನೆ ಮುಂದಿನ ಬೇಸ್‌ಗೆ ಓಡಿಬಿಟ್ಟರೆ ಬೇಸ್ ಕದ್ದ ಹಾಗೆ. ಇಷ್ಟು ಗೊತ್ತಿದ್ದರೆ ಸಾಕು.

ಈ ಆಟದ ಅಂಕಿಅಂಶದ ಗೀಳಿಗೆ ಕ್ರಿಕೆಟಿನ ಋಣವಿದೆ. 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಹೆನ್ರಿ ಚಾಡ್ವಿಕ್ ಎಂಬವರು ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದರು. 1850ರ ದಶಕದಲ್ಲಿ ಬೇಸ್‌ಬಾಲಿಗೆ ಮನಸೋತ ಅವರು ಕ್ರಿಕೆಟ್ ಸ್ಕೋರ್ ಪಟ್ಟಿಯ ಮಾದರಿಯಲ್ಲೇ ಬೇಸ್‌ಬಾಲ್ ಪಂದ್ಯಕ್ಕೂ ಒಂದು ಕೋಷ್ಟಕ ರೂಪಿಸಿದರು. ಪಂದ್ಯ ನೋಡದವನೂ ಮರುದಿನ ಪತ್ರಿಕೆ ಹಿಡಿದು ಆಟವನ್ನು ಮನಸ್ಸಿನಲ್ಲೇ ಆಡಿಸಿಕೊಳ್ಳಬಹುದಾಯಿತು. ಕಾಲ್ಪನಿಕ ಬೇಸ್‌ಬಾಲಿನ ಬೀಜ ಬಿದ್ದದ್ದೇ ಅಲ್ಲಿ ಎನ್ನಬೇಕು.

ಬೀಜ ಮೊಳೆಯಲು ನೂರು ವರ್ಷ ಬೇಕಾಯಿತು. ನಡುವೆ ದಾಳ, ಕಾರ್ಡು ಹಿಡಿದು ಮೇಜಿನ ಮೇಲೆ ಆಡುವ ಬೇಸ್‌ಬಾಲ್ ಆಟಗಳು ಬಂದವು. ಕಾದಂಬರಿಕಾರ ಜ್ಯಾಕ್ ಕೆರುವಾಕ್ ಹುಡುಗನಾಗಿದ್ದಾಗಲೇ ತನ್ನದೇ ಕಾಲ್ಪನಿಕ ತಂಡಗಳನ್ನು ಕಟ್ಟಿ ಒಬ್ಬನೇ ಆಡುತ್ತಿದ್ದನಂತೆ. ಆದರೆ ಅವೆಲ್ಲ ಮುಗಿದುಹೋದ ಅಂಕಿಗಳ ಅಥವಾ ಬರೀ ಕಲ್ಪನೆಯ ಆಟಗಳು. ಇನ್ನೂ ನಡೆಯದ ಪಂದ್ಯಗಳ ಮೇಲೆ, ನಿಜ ಆಟಗಾರರ ಮುಂದಿನ ಸಾಧನೆಯ ಮೇಲೆ ಲೆಕ್ಕ ಕಟ್ಟುವ ಆಟವನ್ನು 1960ರಲ್ಲಿ ಶುರುಮಾಡಿದವರು ಒಬ್ಬ ಸಮಾಜಶಾಸ್ತ್ರಜ್ಞ, ವಿಲಿಯಂ ಗ್ಯಾಮ್ಸನ್. ಆಗ ಬೋಸ್ಟನ್ ಪರಿಸರದಲ್ಲಿದ್ದ ಅವರು ಗೆಳೆಯರೊಡನೆ ಕಾಲ್ಪನಿಕ ಹಣದಿಂದ ಆಟಗಾರರನ್ನು ಹರಾಜಿನಲ್ಲಿ ಕೊಂಡು, ವರ್ಷದ ಕೊನೆಗೆ ಆ ಆಟಗಾರರ ಅಂಕಿಗಳನ್ನು ಕೂಡಿ ಗೆದ್ದವರನ್ನು ನಿರ್ಧರಿಸುತ್ತಿದ್ದರು. ಜೂಜು ಎಂದು ಯಾರೂ ಬೆರಳು ತೋರಿಸದಿರಲಿ ಎಂದು ಇಟ್ಟ ಹೆಸರು 'ಬೇಸ್‌ಬಾಲ್ ಸೆಮಿನಾರ್'! ಪ್ರಾಧ್ಯಾಪಕರಲ್ಲವೇ... ಈ ಗ್ಯಾಮ್ಸನ್ ಮುಂದೆ ಅಮೆರಿಕದ ಸಮಾಜಶಾಸ್ತ್ರ ಸಂಘದ ಅಧ್ಯಕ್ಷರೂ ಆದರು.

ಗ್ಯಾಮ್ಸನ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಸೆಮಿನಾರೂ ಜೊತೆಗೆ ಹೋಯಿತು. ಅಲ್ಲಿ ಇತಿಹಾಸದ ಅಧ್ಯಾಪಕ ರಾಬರ್ಟ್ ಸ್ಕ್ಲಾರ್ ಸೇರಿಕೊಂಡರು. ಸ್ಕ್ಲಾರ್ ತಮ್ಮ ವಿದ್ಯಾರ್ಥಿಯೊಬ್ಬನಿಗೆ ಈ ಆಟದ ವಿಷಯ ಹೇಳಿದರು. ಆ ವಿದ್ಯಾರ್ಥಿಯೇ ಡೇನಿಯಲ್ ಓಕ್ರೆಂಟ್. ಮುಂದೆ ಪತ್ರಕರ್ತ, ಲೇಖಕ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಓದುಗರ ಪರವಾಗಿ ಪತ್ರಿಕೆಯನ್ನೇ ವಿಮರ್ಶಿಸುವ ಹುದ್ದೆಗೆ ಬಂದ ಮೊದಲಿಗ. ತರಗತಿಯ ಹೊರಗೆ ಮೇಷ್ಟ್ರು ಆಡಿದ ಮಾತು ಎಲ್ಲೆಲ್ಲಿಗೋ ಹೋಗಿ ಮುಟ್ಟುತ್ತದೆ ನೋಡಿ.

1979ರ ಕೊನೆಗೆ ಟೆಕ್ಸಸ್‌ಗೆ ವಿಮಾನದಲ್ಲಿ ಹೋಗುತ್ತಿದ್ದಾಗ ಓಕ್ರೆಂಟ್ ನಿಯಮಗಳನ್ನು ಬರೆದರು. ಅಲ್ಲಿನ ಗೆಳೆಯರಿಗೆ ರುಚಿಸಲಿಲ್ಲ. ನ್ಯೂಯಾರ್ಕಿನಲ್ಲಿ 'ಲಾ ರೋಟಿಸರಿ ಫ್ರಾಂಸೇಸ್' ಎಂಬ ಹೋಟೆಲಿನಲ್ಲಿ ಊಟಕ್ಕೆ ಕೂರುತ್ತಿದ್ದ ಪತ್ರಕರ್ತ, ಪ್ರಕಾಶಕ ಮಿತ್ರರಿಗೆ ರುಚಿಸಿತು. ಹಾಗಾಗಿ ಆಟಕ್ಕೆ ಆ ಹೋಟೆಲಿನ ಹೆಸರೇ ಬಿತ್ತು: ರೋಟಿಸರಿ ಲೀಗ್. 1980ರ ಏಪ್ರಿಲ್‌ನಲ್ಲಿ ಮೊದಲ ಹರಾಜು. ಹತ್ತು ತಂಡಗಳು. ಸ್ಕ್ಲಾರ್ ಮೇಷ್ಟ್ರೂ ಒಂದು ತಂಡದ ಯಜಮಾನರು. ಓಕ್ರೆಂಟರ ತಂಡ 'ಓಕ್ರೆಂಟ್ ಫೆನೋಕೀಸ್', ಓಕೆಫೆನೋಕೀ ಎಂಬ ಜೌಗು ಪ್ರದೇಶದ ಹೆಸರಿನ ಮೇಲಿನ ಶ್ಲೇಷೆ. ಗೆದ್ದವರ ತಲೆಗೆ 'ಯೂ-ಹೂ' ಎಂಬ ಚಾಕಲೇಟ್ ಪೇಯದ ಅಭಿಷೇಕ. ನೋಡಿದರೆ ದೊಡ್ಡವರ ಮಕ್ಕಳಾಟ.

ನಿಯಮಗಳು ಮಾತ್ರ ಮಕ್ಕಳಾಟವಲ್ಲ. ಮುಂದೆ ನೆಲೆಗೊಂಡ ರೂಪದಲ್ಲಿ ಹೇಳುವುದಾದರೆ, ಪ್ರತಿ ತಂಡಕ್ಕೆ 260 ಡಾಲರ್, ಅದರಲ್ಲಿ 23 ಆಟಗಾರರನ್ನು ಕೊಳ್ಳಬೇಕು: 14 ಬ್ಯಾಟುಗಾರರು, 9 ಪಿಚರ್‌ಗಳು. ಕನಿಷ್ಠ ಕೂಗು ಒಂದು ಡಾಲರ್. ಎಂಟು ಕಾಲಂಗಳಲ್ಲಿ ಸ್ಪರ್ಧೆ. ಬ್ಯಾಟಿಂಗಿಗೆ ನಾಲ್ಕು: ಸರಾಸರಿ, ಹೋಮ್ ರನ್, ತನ್ನ ಹೊಡೆತದಿಂದ ತಂಡಕ್ಕೆ ತಂದ ರನ್, ಕದ್ದ ಬೇಸ್. ಪಿಚಿಂಗಿಗೆ ನಾಲ್ಕು: ಗೆಲುವು, ಪಂದ್ಯ ಉಳಿಸಿಕೊಟ್ಟದ್ದು, ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ರನ್, ಒಂದು ಇನ್ನಿಂಗ್ಸಿಗೆ ಎಷ್ಟು ಜನರನ್ನು ಬೇಸ್ ಮುಟ್ಟಲು ಬಿಟ್ಟ ಎಂಬ ಪ್ರಮಾಣ. ಈ ಕೊನೆಯದು ಓಕ್ರೆಂಟ್ ಈ ಆಟಕ್ಕಾಗಿಯೇ ಹುಟ್ಟಿಸಿದ್ದು. ಈಗ ನಿಜ ಬೇಸ್‌ಬಾಲಿನಲ್ಲೂ 'ವಿಪ್' ಎಂಬ ಹೆಸರಿನಲ್ಲಿ ಚಲಾವಣೆಯಲ್ಲಿದೆ. ಹತ್ತು ತಂಡಗಳಿದ್ದರೆ ಪ್ರತಿ ಕಾಲಂನಲ್ಲಿ ಮೊದಲಿಗರಿಗೆ 10 ಅಂಕ, ಕೊನೆಯವರಿಗೆ 1.

ಹರಾಜೇ ಯಾಕೆ? ಸರದಿ ಪ್ರಕಾರ ಆರಿಸಿಕೊಳ್ಳುವ ಪದ್ಧತಿಯೂ ಇದೆ. ಶಾಲೆಯ ಆಟದ ಪೀರಿಯಡ್ಡಿನಲ್ಲಿ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದುಕೊಳ್ಳುವ ಹಾಗೆ. ಹತ್ತು ಜನರಿದ್ದರೆ ಮೊದಲ ಸುತ್ತು 1ರಿಂದ 10, ಎರಡನೆಯದು 10ರಿಂದ 1. ಹಾವಿನಂತೆ ಹೊರಳುವುದರಿಂದ ಅದಕ್ಕೆ ಹಾವಿನ ಹೆಸರೇ ಇದೆ. ಅದು ಬೇಗ ಮುಗಿಯುತ್ತದೆ, ಜಗಳ ಕಡಿಮೆ. ಆದರೆ ಹತ್ತನೆಯವನಿಗೆ ಅತ್ಯುತ್ತಮ ಆಟಗಾರ ಸಿಗುವುದು ಕನಸಿನ ಮಾತು. ಹರಾಜಿನಲ್ಲಿ ಹಾಗಲ್ಲ, ಯಾರು ಯಾರನ್ನು ಬೇಕಾದರೂ ಕೊಳ್ಳಬಹುದು, ಬೆಲೆ ತೆತ್ತರೆ. ನಮ್ಮ ದೃಷ್ಟಿಯಲ್ಲಿ ಅದೇ ಹೆಚ್ಚು ನ್ಯಾಯದ ದಾರಿ. ಕುಯುಕ್ತಿಗೂ ಅಲ್ಲಿ ಜಾಗ ಹೆಚ್ಚು: ತನಗೆ ಬೇಡವಾದ ದೊಡ್ಡ ಹೆಸರನ್ನೇ ಮೊದಲು ಕೂಗಿಸಿ ಉಳಿದವರ ಕಿಸೆ ಖಾಲಿ ಮಾಡಿಸುವುದು ಹಳೆಯ ಉಪಾಯ.

ಮೊದಲ ಹರಾಜಿನ ಕಥೆಯಲ್ಲಿ ಉಳಿದುಕೊಂಡ ಹೆಸರು ಜಾರ್ಜ್ ಫಾಸ್ಟರ್. ಸಿನ್ಸಿನಾಟಿ ರೆಡ್ಸ್ ತಂಡದ ಭಾರೀ ಹೊಡೆತಗಾರ. 1977ರಲ್ಲಿ 52 ಹೋಮ್ ರನ್ ಬಾರಿಸಿ ನ್ಯಾಷನಲ್ ಲೀಗಿನ ಶ್ರೇಷ್ಠ ಆಟಗಾರನೆನಿಸಿದ್ದರು. 1980ರ ರೋಟಿಸರಿ ಹರಾಜಿನಲ್ಲಿ ಅವರಿಗೆ ಬಿದ್ದ ಕೂಗು 36 ಡಾಲರ್. ಆ ವರ್ಷ ಅವರು ಹೊಡೆದದ್ದು 25 ಹೋಮ್ ರನ್. ಓಕ್ರೆಂಟ್ 1981ರಲ್ಲಿ 'ಇನ್‌ಸೈಡ್ ಸ್ಪೋರ್ಟ್ಸ್' ಪತ್ರಿಕೆಯಲ್ಲಿ ಈ ಆಟದ ಬಗ್ಗೆ ಬರೆದ ಲೇಖನದ ತಲೆಬರಹವೇ ಜಾರ್ಜ್ ಫಾಸ್ಟರ್ 36 ಡಾಲರಿಗೆ ಬಾಳದ ವರ್ಷ ಎಂಬರ್ಥದ್ದು.

ಅದೇ 1981ರ ಜೂನ್ 12ರಂದು ನಿಜವಾದ ಬೇಸ್‌ಬಾಲ್ ಆಟಗಾರರು ಮುಷ್ಕರ ಹೂಡಿದರು. ಸುಮಾರು ಎರಡು ತಿಂಗಳು ಆಟವಿಲ್ಲ, 700ಕ್ಕೂ ಹೆಚ್ಚು ಪಂದ್ಯ ರದ್ದು. ಕ್ರೀಡಾ ವರದಿಗಾರರಿಗೆ ಬರೆಯಲು ಏನೂ ಇಲ್ಲ. ಕೈಗೆ ಸಿಕ್ಕಿದ್ದು ಈ ಕಾಗದದ ಲೀಗ್. ಬರೆದರು, ತಾವೂ ಆಡಿದರು. 1984ರಲ್ಲಿ ಸ್ಥಾಪಕರು ನಿಯಮಪುಸ್ತಕ ಪ್ರಕಟಿಸುವಷ್ಟರಲ್ಲಿ ಆಟ ಪತ್ರಿಕಾ ಕಚೇರಿಗಳಿಂದ ಊರೂರಿಗೆ ಹಬ್ಬಿತ್ತು.

ಆಟ ಹಬ್ಬಿದಂತೆ ಒಂದೇ ಪ್ರಶ್ನೆ ಎಲ್ಲರ ತಲೆ ತಿನ್ನತೊಡಗಿತು. ಒಬ್ಬ ಆಟಗಾರನಿಗೆ ಎಷ್ಟು ಡಾಲರ್ ಸರಿ?

ಮೊದಲು ತಿಳಿದ ಸಂಗತಿ: ಬೆಲೆ ಆಟಗಾರನೊಳಗೆ ಇಲ್ಲ, ಅವನಿಗೂ ಬಿಟ್ಟಿಗೆ ಸಿಗುವವನಿಗೂ ಇರುವ ಅಂತರದಲ್ಲಿದೆ. 20 ಹೋಮ್ ರನ್ ಹೊಡೆಯುವವನಿಗೆ ಎಷ್ಟು ಕೊಡಬೇಕು? ಒಂದು ಡಾಲರಿಗೆ 15 ಹೊಡೆಯುವವ ಸಿಗುವುದಾದರೆ ಹೆಚ್ಚೇನೂ ಬೇಡ. ಇದಕ್ಕೆ ಒಳ್ಳೆಯ ಉದಾಹರಣೆ ಕ್ಯಾಚರ್, ನಮ್ಮ ವಿಕೆಟ್ ಕೀಪರಿನ ಜಾಗದವನು. ರೋಟಿಸರಿ ನಿಯಮದಲ್ಲಿ ತಂಡಕ್ಕೆ ಇಬ್ಬರು ಕ್ಯಾಚರ್ ಬೇಕು, ಹತ್ತು ತಂಡಕ್ಕೆ ಇಪ್ಪತ್ತು. ಆದರೆ ಅವರು ಆರಿಸಿಕೊಂಡ ನ್ಯಾಷನಲ್ ಲೀಗಿನಲ್ಲಿ ಆಗ ಇದ್ದದ್ದೇ ಹನ್ನೆರಡು ತಂಡ. ಅಂದರೆ ದಿನಾ ಆಡುವ ಕ್ಯಾಚರ್‌ಗಳು ಹನ್ನೆರಡರ ಆಸುಪಾಸು. ಉಳಿದ ಎಂಟು ಜಾಗಕ್ಕೆ ಬೆಂಚು ಕಾಯುವವರೇ ಗತಿ. ಹಾಗಾಗಿ ಸಾಧಾರಣ ಬ್ಯಾಟಿಂಗಿನ ಕ್ಯಾಚರಿಗೂ ಒಳ್ಳೆಯ ಬೆಲೆ.

ಎರಡನೆಯದು, ಹಣ ಸೀಮಿತ ಎನ್ನುವುದು. ಲೆಕ್ಕ ಹೀಗೆ. ಹತ್ತು ತಂಡ, ತಲಾ 260 ಡಾಲರ್, ಒಟ್ಟು 2600. ಕೊಳ್ಳಬೇಕಾದವರು 230 ಜನ, ತಲಾ ಕನಿಷ್ಠ ಒಂದು ಡಾಲರ್. ಅದನ್ನು ಕಳೆದರೆ ಉಳಿಯುವುದು 2370. ಈ 2370 ಡಾಲರೇ 'ಬಿಟ್ಟಿ ಆಟಗಾರ'ನಿಗಿಂತ ಹೆಚ್ಚಿನ ಸಾಧನೆಗೆ ಹಂಚಬೇಕಾದ ಮೊತ್ತ. 230 ಜನರ ಹೆಚ್ಚುವರಿ ಸಾಧನೆಯನ್ನು ಯಾವುದೋ ಒಂದು ಅಳತೆಯಲ್ಲಿ ಕೂಡಿದಾಗ 790 ಬಂತು ಎಂದಿಟ್ಟುಕೊಳ್ಳಿ. ಆಗ ಒಂದು ಅಳತೆಗೆ 3 ಡಾಲರ್. 10 ಅಳತೆ ಹೆಚ್ಚಿರುವವನಿಗೆ 30, ಮೂಲದ ಒಂದು ಸೇರಿ 31 ಡಾಲರ್. ಎಂಟನೇ ತರಗತಿಯ ಗಣಿತ, ಅಷ್ಟೇ. ಇದಕ್ಕಿಂತ ಹೆಚ್ಚು ಒಬ್ಬನಿಗೆ ಕೊಟ್ಟರೆ ಇನ್ನೆಲ್ಲೋ ಅಷ್ಟನ್ನು ಉಳಿಸಲೇಬೇಕು.

ಕಷ್ಟ ಇರುವುದು ಆ 'ಯಾವುದೋ ಒಂದು ಅಳತೆ'ಯಲ್ಲಿ. ಹೋಮ್ ರನ್ನನ್ನೂ ಕದ್ದ ಬೇಸನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? 1990ರ ದಶಕದಲ್ಲಿ ಆರ್ಟ್ ಮೆಗೀ ಎಂಬವರು ತಮ್ಮ ಪುಸ್ತಕದಲ್ಲಿ ವಿವರಿಸಿದ ದಾರಿ ಹೆಸರಾಯಿತು: ಆಯಾ ಕಾಲಂನಲ್ಲಿ ಒಂದು ಸ್ಥಾನ ಮೇಲೇರಲು ಸರಾಸರಿ ಎಷ್ಟು ಬೇಕಾಗುತ್ತದೆ ಎಂದು ಹಳೆಯ ಲೀಗುಗಳ ಪಟ್ಟಿಯಿಂದ ಕಂಡುಹಿಡಿ, ಆ ಸಂಖ್ಯೆಯಿಂದ ಭಾಗಿಸು.

ಈ ತಕ್ಕಡಿಯಲ್ಲಿ ವಿನ್ಸ್ ಕೋಲ್‌ಮನ್‌ರನ್ನು ತೂಗಿ ನೋಡೋಣ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಚಿಗರೆ. 1985ರಲ್ಲಿ 110, 1986ರಲ್ಲಿ 107, 1987ರಲ್ಲಿ 109 ಬೇಸ್ ಕದ್ದವರು. 1986ರಲ್ಲಿ ಅವರ ಬ್ಯಾಟಿಂಗ್ ಸರಾಸರಿ ಬರೀ .232, ಹೋಮ್ ರನ್ ಸೊನ್ನೆ. ನಿಜ ಆಟದಲ್ಲಿ ಅಂಥ ಬ್ಯಾಟುಗಾರನ ಬೆಲೆ ಸಾಧಾರಣ. ಆದರೆ ರೋಟಿಸರಿ ಮೇಜಿನಲ್ಲಿ ಒಂದಿಡೀ ಕಾಲಂ ಅವರೊಬ್ಬರದೇ. ಎಂಟು ಬೇಸ್ ಕದ್ದರೆ ಒಂದು ಸ್ಥಾನ ಏರಬಹುದು ಎಂದಿಟ್ಟುಕೊಂಡರೆ 107ಕ್ಕೆ ಹದಿಮೂರು ಸ್ಥಾನ. ಹತ್ತು ತಂಡಗಳ ಲೀಗಿನಲ್ಲಿ ಏರಲಿಕ್ಕಿರುವುದೇ ಒಂಬತ್ತು! ಮೊದಲ ಸ್ಥಾನ ಸಿಕ್ಕ ಮೇಲಿನ ಕಳ್ಳತನವೆಲ್ಲ ವ್ಯರ್ಥ. ಜಾಣ ಯಜಮಾನ ಕಾಲಂ ಗಟ್ಟಿಯಾದ ಕೂಡಲೇ ಅವರನ್ನು ಬೇರೆ ತಂಡಕ್ಕೆ ಕೊಟ್ಟು ತನಗೆ ಕೊರತೆಯಿರುವುದನ್ನು ತರಿಸಿಕೊಳ್ಳುತ್ತಿದ್ದ.

ಅದೇ ಕಾರ್ಡಿನಲ್ಸ್ ತಂಡದಲ್ಲಿ, ಅದೇ ವರ್ಷಗಳಲ್ಲಿ, ಆಜಿ ಸ್ಮಿತ್ ಎಂಬ ಇನ್ನೊಬ್ಬರಿದ್ದರು. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಂತು ಚೆಂಡು ಹಿಡಿಯುವ ಶಾರ್ಟ್‌ಸ್ಟಾಪ್. 1980ರಿಂದ 1992ರ ತನಕ ಸತತ 13 ವರ್ಷ ಶ್ರೇಷ್ಠ ಫೀಲ್ಡರ್ ಪ್ರಶಸ್ತಿ, 2002ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರದಲ್ಲಿ ಸ್ಥಾನ. ಅವರೂ ಬೇಸ್ ಕದಿಯುತ್ತಿದ್ದರು, ಅದಕ್ಕೆ ರೋಟಿಸರಿಯಲ್ಲಿ ಬೆಲೆ ಸಿಗುತ್ತಿತ್ತು. ಆದರೆ ಜನ ಯಾವುದಕ್ಕಾಗಿ ಟಿಕೆಟು ಕೊಂಡು ಬರುತ್ತಿದ್ದರೋ ಆ ಫೀಲ್ಡಿಂಗಿಗೆ ಎಂಟರಲ್ಲಿ ಒಂದೂ ಕಾಲಂ ಇರಲಿಲ್ಲ. ಹಾರಿ ಹಿಡಿದು ತಡೆದ ರನ್ನಿಗೆ ಬೆಲೆ ಶೂನ್ಯ. ಮುಂದೆ ಎಂಟು ಕಾಲಂ ಹತ್ತಾದಾಗಲೂ ಸೇರಿದ್ದು ಬ್ಯಾಟುಗಾರ ಗಳಿಸಿದ ರನ್ ಮತ್ತು ಪಿಚರ್ ಪಡೆದ ಸ್ಟ್ರೈಕ್‌ಔಟ್. ಫೀಲ್ಡಿಂಗಿಗೆ ಆಗಲೂ ಜಾಗವಿಲ್ಲ. ನಮ್ಮ ಪ್ರಗತಿಪತ್ರಗಳನ್ನು ತುಂಬುವಾಗ ಈ ಆಜಿ ಸ್ಮಿತ್ ನೆನಪಾಗುವುದುಂಟು. ತಂಗಿಯನ್ನು ಕೈಹಿಡಿದು ತೋಡು ದಾಟಿಸಿ ಶಾಲೆಗೆ ಕರೆತರುವ ಹುಡುಗಿಗೆ ಅಲ್ಲಿ ಯಾವ ಕಾಲಂ?

ಸರಿ, ಅಳತೆ ಸಿಕ್ಕಿತು. ಆದರೆ ಹರಾಜು ನಡೆಯುವುದು ಏಪ್ರಿಲ್‌ನಲ್ಲಿ, ಆಟ ಮುಗಿಯುವುದು ಅಕ್ಟೋಬರಿನ ಹೊತ್ತಿಗೆ. ಕೊಳ್ಳುವಾಗ ಕೈಯಲ್ಲಿರುವುದು ಹೋದ ವರ್ಷದ ಅಂಕಿ, ಬೇಕಾದದ್ದು ಬರುವ ವರ್ಷದ್ದು. ಈ ನಡುವಿನ ಕಂದಕ ದಾಟುವ ಪ್ರಯತ್ನಗಳ ಕಥೆಯಲ್ಲಿ ಮೊದಲು ಹೇಳಬೇಕಾದ ಹೆಸರು ಬಿಲ್ ಜೇಮ್ಸ್. ಕಾನ್ಸಾಸ್ ರಾಜ್ಯದ ಲಾರೆನ್ಸ್‌ನಲ್ಲಿ ಡಬ್ಬಿಯಲ್ಲಿ ಬೀನ್ಸ್ ತುಂಬುವ ಕಾರ್ಖಾನೆಯ ರಾತ್ರಿ ಕಾವಲುಗಾರ. ಪಾಳಿಯ ಬಿಡುವಿನಲ್ಲಿ ಬೇಸ್‌ಬಾಲ್ ಅಂಕಿಗಳನ್ನು ಜಾಲಾಡಿ 1977ರಲ್ಲಿ ತಾವೇ ಅಚ್ಚು ಹಾಕಿಸಿದ ಪುಸ್ತಿಕೆ ಮಾರಾಟವಾದದ್ದು 75ರ ಆಸುಪಾಸು ಪ್ರತಿ. ಅದನ್ನು ತರಿಸಿ ಓದಿ ಬೆರಗಾದವರಲ್ಲಿ ನಮ್ಮ ಓಕ್ರೆಂಟ್ ಒಬ್ಬರು. 1981ರಲ್ಲಿ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್'ನಲ್ಲಿ ಜೇಮ್ಸ್ ಬಗ್ಗೆ ಬರೆದು ದೇಶಕ್ಕೆ ಪರಿಚಯಿಸಿದವರೂ ಅವರೇ. ಮುಂದೆ ಬೋಸ್ಟನ್ ರೆಡ್ ಸಾಕ್ಸ್ ತಂಡ ಜೇಮ್ಸ್‌ರನ್ನು ಸಲಹೆಗಾರರಾಗಿ ಸೇರಿಸಿಕೊಂಡಿತು, 86 ವರ್ಷಗಳ ಬರದ ನಂತರ 2004ರಲ್ಲಿ ಕಿರೀಟ ಗೆದ್ದಿತು. ಅದು ಅವರೊಬ್ಬರಿಂದಲೇ ಆಯಿತೆನ್ನುವುದು ಅತಿಯಾದೀತು.

1986ರಿಂದ ರಾನ್ ಶಾಂಡ್ಲರ್ ವರ್ಷ ವರ್ಷ ಭವಿಷ್ಯದ ಅಂದಾಜುಗಳ ಪುಸ್ತಕ ತರತೊಡಗಿದರು. 2003ರಲ್ಲಿ ನೇಟ್ ಸಿಲ್ವರ್ ಎಂಬ ತರುಣನ 'ಪೆಕೋಟಾ' ಬಂತು. ಹೆಸರು ಬಿಲ್ ಪೆಕೋಟಾ ಎಂಬ ತೀರಾ ಸಾಧಾರಣ ಆಟಗಾರನದು! ಹಿಂದಿನ ದಶಕಗಳಲ್ಲಿ ಇದೇ ವಯಸ್ಸಿನಲ್ಲಿ ಇದೇ ಬಗೆಯ ಅಂಕಿಗಳಿದ್ದ ಆಟಗಾರರನ್ನು ಹುಡುಕಿ, ಅವರಿಗೆ ಮುಂದೇನಾಯಿತು ಎಂದು ನೋಡಿ, ಒಂದೇ ಸಂಖ್ಯೆಯ ಬದಲು 'ಇಷ್ಟರಿಂದ ಇಷ್ಟರ ತನಕ' ಎಂದು ಹೇಳುವ ಕ್ರಮ. ಇದೇ ಸಿಲ್ವರ್ 2008ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ 50 ರಾಜ್ಯಗಳಲ್ಲಿ 49ರ ಫಲಿತಾಂಶ ಸರಿಯಾಗಿ ಹೇಳಿ ಮನೆಮಾತಾದರು.

ನಮಗೆ ಇಷ್ಟವಾದದ್ದು ಮಾತ್ರ 'ಮಾರ್ಸೆಲ್'. ಟಾಮ್ ಟ್ಯಾಂಗೋ ಎಂಬ ಗುಪ್ತನಾಮದ ಸಂಖ್ಯಾಪ್ರೇಮಿ ರೂಪಿಸಿದ್ದು. ಮಾರ್ಸೆಲ್ ಎಂದರೆ 'ಫ್ರೆಂಡ್ಸ್' ಧಾರಾವಾಹಿಯ ಕೋತಿ. ಕೋತಿಯೂ ಮಾಡಬಹುದಾದಷ್ಟು ಸರಳ ಅಂದಾಜು ಎಂದರ್ಥ. ಕಳೆದ ಮೂರು ವರ್ಷಗಳ ಅಂಕಿಗೆ 5, 4, 3 ಎಂಬ ತೂಕ ಕೊಡು, ಹತ್ತಿರದ ವರ್ಷಕ್ಕೆ ಹೆಚ್ಚು. ಬಂದದ್ದನ್ನು ಎಲ್ಲರ ಸರಾಸರಿಯ ಕಡೆಗೆ ಸ್ವಲ್ಪ ಎಳೆ. ವಯಸ್ಸು ನೋಡಿ ತಿದ್ದು. ಅಷ್ಟೇ. ದೊಡ್ಡ ದೊಡ್ಡ ಯಂತ್ರಗಳ ಅಂದಾಜುಗಳು ಈ ಕೋತಿಯನ್ನು ಮೀರಿಸುವುದು ಅಲ್ಪ ಅಂತರದಲ್ಲಿ ಮಾತ್ರ.

ಸರಾಸರಿಯ ಕಡೆಗೆ ಎಳೆಯುವುದು ಯಾಕೆಂದು ಅಧ್ಯಾಪಕರಿಗೆ ಹೇಳಬೇಕಾಗಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ 50ಕ್ಕೆ 49 ಪಡೆದ ಮಗು ಮುಂದಿನದರಲ್ಲಿ 45 ಪಡೆದರೆ ಮನೆಯವರು ಗಾಬರಿಯಾಗುತ್ತಾರೆ. ಮಗು ಹಾಳಾಗಲಿಲ್ಲ. 49ರಲ್ಲಿ ಓದಿನ ಜೊತೆ ಓದಿದ್ದೇ ಬಂದ ಅದೃಷ್ಟವೂ ಸೇರಿತ್ತು, ಅದೃಷ್ಟ ಎರಡನೇ ಸಲ ಬರಲಿಲ್ಲ.

ಈಗ ಫಾಸ್ಟರ್ ಲೆಕ್ಕ ಮಾಡಿ ನೋಡೋಣ. 1977ರಲ್ಲಿ 52, 1978ರಲ್ಲಿ 40, 1979ರಲ್ಲಿ 30. ಆಡಿದ ಪಂದ್ಯಗಳ ವಿಚಾರ ಬಿಟ್ಟು ಸರಳವಾಗಿ ಕೂಡಿದರೆ, 30ರ ಐದು ಪಾಲು 150, 40ರ ನಾಲ್ಕು ಪಾಲು 160, 52ರ ಮೂರು ಪಾಲು 156. ಒಟ್ಟು 466, ಹನ್ನೆರಡರಿಂದ ಭಾಗಿಸಿದರೆ ಸುಮಾರು 39. ಸರಾಸರಿಯ ಕಡೆಗೆ ಎಳೆದು, ಮೂವತ್ತು ದಾಟಿದ ವಯಸ್ಸಿಗೆ ಇನ್ನಷ್ಟು ಕಳೆದರೂ 25ಕ್ಕೆ ಇಳಿಯುವುದು ಕಷ್ಟ. ಅಂದರೆ ಇಂದಿನ ವಿದ್ಯೆ ಇದ್ದಿದ್ದರೂ ಆ ಯಜಮಾನ ಫಾಸ್ಟರಿಗೆ ಸ್ವಲ್ಪ ಹೆಚ್ಚೇ ಕೊಡುತ್ತಿದ್ದನೋ ಏನೋ, ಪಾಪ.

ಅಂತರ್ಜಾಲ ಬಂದ ಮೇಲೆ ಕೈಲೆಕ್ಕ ಹೋಯಿತು. ಹಣ ಬಂತು. ಹಣದ ಹಿಂದೆಯೇ ವ್ಯಾಜ್ಯ ಬಂತು: ಆಟಗಾರನ ಹೆಸರು ಮತ್ತು ಅಂಕಿ ಯಾರ ಸೊತ್ತು? 2005ರಲ್ಲಿ ಬೇಸ್‌ಬಾಲ್ ಲೀಗಿನ ಅಂತರ್ಜಾಲ ಕಂಪೆನಿ ಆಟಗಾರರ ಸಂಘದಿಂದ ಐದು ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟು ಹಕ್ಕು ಪಡೆಯಿತು. ಅದುವರೆಗೆ ಪರವಾನಗಿ ಪಡೆದು ಆಟ ನಡೆಸುತ್ತಿದ್ದ ಸೇಂಟ್ ಲೂಯಿಸ್‌ನ ಸಿಬಿಸಿ ಎಂಬ ಸಣ್ಣ ಸಂಸ್ಥೆಗೆ ಬಾಗಿಲು ಮುಚ್ಚಿತು. ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. 2006ರಲ್ಲಿ ಕೆಳ ನ್ಯಾಯಾಲಯ, 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂ ಸಿಬಿಸಿ ಪರ ತೀರ್ಪಿತ್ತವು. ದಿನಾ ಪತ್ರಿಕೆಯಲ್ಲಿ ಅಚ್ಚಾಗುವ ಈ ಮಾಹಿತಿ ಎಲ್ಲರಿಗೂ ಸೇರಿದ್ದು, ಅದನ್ನು ಬಳಸುವುದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದಿತು ಮೇಲ್ಮನವಿ ನ್ಯಾಯಾಲಯ. 2008ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ತಮ್ಮ ಓಟದ ಅಂಕಿ ತಮ್ಮದೇ ಎಂದುಕೊಂಡಿದ್ದ ಆಟಗಾರರಿಗೆ ಅದು ನುಂಗಲಾರದ ತುತ್ತು. ನಮಗೋ, ತೀರ್ಪು ಸರಿಯೆಂದೇ ತೋರುತ್ತದೆ. ಚಾಡ್ವಿಕ್‌ರ ಕೋಷ್ಟಕಕ್ಕೆ ಬಾಡಿಗೆ ಕಟ್ಟಬೇಕಾಗಿದ್ದರೆ ಬಿಲ್ ಜೇಮ್ಸ್ ರಾತ್ರಿ ಪಾಳಿಯಲ್ಲಿ ಏನು ಮಾಡಬೇಕಿತ್ತು?

2009ರಲ್ಲಿ ಫ್ಯಾನ್‌ಡ್ಯೂಯಲ್ ಶುರುವಾದ ಮೇಲೆ ವರ್ಷವಿಡೀ ನಡೆಯುತ್ತಿದ್ದ ಆಟ ಒಂದೇ ದಿನಕ್ಕೆ ಇಳಿಯಿತು. ನಮ್ಮಲ್ಲಿ 2008ರಲ್ಲಿ ಹುಟ್ಟಿದ ಡ್ರೀಮ್11 ಕ್ರಿಕೆಟಿಗೆ ತಂದದ್ದೂ ಇದೇ ಬಗೆ: 100 ಕ್ರೆಡಿಟ್‌ಗಳಲ್ಲಿ ಹನ್ನೊಂದು ಜನ. ಅಲ್ಲಿ ಆಟಗಾರನ ಬೆಲೆಯನ್ನು ಕಂಪೆನಿಯೇ ಬರೆದಿಡುತ್ತಿತ್ತು, ಎದುರು ಕೂತು ಕೂಗುವವರಿರಲಿಲ್ಲ. ಹೈಸ್ಕೂಲು ಮುಗಿಸಿದ ಹುಡುಗರು ಕೂಲಿಯ ದುಡ್ಡನ್ನು ಮೊಬೈಲಿನಲ್ಲಿ ಹೀಗೆ ಕಳೆದುಕೊಂಡದ್ದನ್ನು ನಾವು ಕೇಳಿದ್ದೇವೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಕಾನೂನು ತಂದು ನಿಷೇಧಿಸಿದಾಗ ಡ್ರೀಮ್11 ಕೂಡ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಗ್ಯಾಮ್ಸನ್ ಮೇಷ್ಟ್ರು 'ಸೆಮಿನಾರ್' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಓಕ್ರೆಂಟ್ ಈ ಆಟದಿಂದ ಹೇಳಿಕೊಳ್ಳುವಂಥ ಹಣವನ್ನೇನೂ ಮಾಡಲಿಲ್ಲ. ತಾನು ಹುಟ್ಟಿಸಿದ್ದು ಬೆಳೆದ ಪರಿ ನೋಡಿ, ಅಣುಬಾಂಬು ತಯಾರಿಸಿದ ಓಪನ್‌ಹೈಮರ್‌ಗೆ ತಮ್ಮನ್ನು ತಮಾಷೆಯಾಗಿ ಹೋಲಿಸಿಕೊಂಡದ್ದುಂಟು. ಅಂದ ಹಾಗೆ, ತಾನೇ ಕಟ್ಟಿದ ಆ ಮೊದಲ ಲೀಗನ್ನು ಅವರು ಒಮ್ಮೆಯೂ ಗೆಲ್ಲಲಿಲ್ಲ. ಯೂ-ಹೂ ಅಭಿಷೇಕ ಅವರ ತಲೆಗೆ ದಕ್ಕಲೇ ಇಲ್ಲ.